ಮಲೆನಾಡಿನ ಮಳೆಯಲ್ಲಿ ಲೆದರ್ ಜರ್ಕಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ಕಡೆ ಲೆದರ್ ಜಾಕೆಟ್ ಅನ್ನುವವರಿಗಿಂತ ಜರ್ಕಿನ್ ಅನ್ನುವವರೇ ಜಾಸ್ತಿ. ನಾನೂ ಹಾಗೇ ಬರೆಯುತ್ತೇನೆ. ನನ್ನ ಮೊದಲ ಜರ್ಕಿನ್ ಅನ್ನು ನಾನೇ ಕೈಯಾರೆ ಹಾಳು ಮಾಡಿದೆ. ಆ ಕತೆ ಕೆಳಗೆ ಬರುತ್ತದೆ. ಎರಡನೆಯದು ಉಳಿದದ್ದರಿಂದ ನೆಂಟರು, ಗೆಳೆಯರು ತಮ್ಮದನ್ನೂ ತಂದು ತೋರಿಸಲು ಶುರು ಮಾಡಿದರು. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೆದರ್ ಕ್ರೀಮಿನ ಡಬ್ಬಿ ಮೇಲೆ ಬರೆದಿರುವುದು ಒಣ ಊರಿನವರಿಗೆ ಹೇಳಿದ ಬುದ್ಧಿ. ಅಲ್ಲಿ ಚರ್ಮ ಒಣಗಿ ಬಿರಿಯುತ್ತದೆ, ಅದಕ್ಕೆ ಪದೇ ಪದೇ ಎಣ್ಣೆ ಕೊಡಿ ಅನ್ನುತ್ತಾರೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದಲ್ಲಿ ಜರ್ಕಿನ್ ಒಣಗಿ ಸಾಯುವುದಿಲ್ಲ. ಬೂಷ್ಟು ಹಿಡಿದು ಸಾಯುತ್ತದೆ. ನಮಗೆ ಬೇಕಾದದ್ದು ಎಣ್ಣೆ ಕಮ್ಮಿ, ಗಾಳಿ ಜಾಸ್ತಿ.

ನನ್ನದು ನಿಜವಾದ ಲೆದರ್ರಾ, ರೆಕ್ಸಿನ್ನಾ?

ಜೇಬಿನ ಒಳಗೋ, ಜಿಪ್ ಪಕ್ಕದಲ್ಲೋ ಕತ್ತರಿಸಿದ ಅಂಚು ಸಿಗುತ್ತದಾ ನೋಡಿ. ನಾರುನಾರಾಗಿ ಕಂಡರೆ ಚರ್ಮ. ಮೇಲೆ ತೆಳು ಪದರ, ಕೆಳಗೆ ನೇಯ್ದ ಬಟ್ಟೆ ಕಂಡರೆ ರೆಕ್ಸಿನ್. ಬೆಂಕಿಕಡ್ಡಿ ಗೀರಿ ಸುಟ್ಟು ನೋಡುವ ಪರೀಕ್ಷೆ ಬೇಡ. ನಿಜವಾದ ಲೆದರ್ ಅಂತ ಗೊತ್ತಾಗುವ ಹೊತ್ತಿಗೆ ಅದರಲ್ಲಿ ತೂತು ಬಿದ್ದಿರುತ್ತದೆ.

ಪಿಯು ಲೆದರ್ ಅಂತ ಮಾರುವುದೂ ಚರ್ಮವಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ ಹಚ್ಚಿದ್ದು. ಗಾಳಿಯ ತೇವವೇ ಆ ಪದರವನ್ನು ನಿಧಾನಕ್ಕೆ ಒಡೆಯುತ್ತದೆ. ಹಾಕದೆ ಬೀರುವಿನಲ್ಲಿ ಇಟ್ಟರೂ ಒಂದು ದಿನ ಸಿಪ್ಪೆ ಸುಲಿದಂತೆ ಉದುರುತ್ತದೆ. ಅದಕ್ಕೆ ಯಾವ ಕ್ರೀಮೂ ಹತ್ತುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಉದುರುವವರೆಗೆ ಹಾಕಿಕೊಳ್ಳಿ. ಈ ಪುಟದ ಉಳಿದ ಮಾತೆಲ್ಲ ನಿಜವಾದ ಚರ್ಮಕ್ಕೆ.

ಲೆದರ್ ಅಂದಮೇಲೆ ಎಲ್ಲ ಒಂದೇ ಅಲ್ವಾ?

ಅಲ್ಲ. ಕಾಲರ್ ಅಡಿಯಂಥ, ಯಾರಿಗೂ ಕಾಣದ ಜಾಗದಲ್ಲಿ ಚರ್ಮದ ಹೊರಮೈಗೆ ಒಂದು ಹನಿ ನೀರು ಹಾಕಿ. ಹನಿ ಕೆಸುವಿನ ಎಲೆ ಮೇಲೆ ನಿಂತಂತೆ ನಿಂತರೆ ಮೇಲೆ ಬಣ್ಣದ ಪದರ ಇದೆ ಅಂತ ಅರ್ಥ. ಪೇಟೆಯಲ್ಲಿ ಸಿಗುವ ಹೆಚ್ಚಿನ ಜರ್ಕಿನ್‌ಗಳು ಇಂಥವು. ಸ್ವಲ್ಪ ಒರಟು ಕೈಯನ್ನೂ ತಡೆಯುತ್ತವೆ. ಹನಿ ಒಳಗೆ ಇಳಿದು ಆ ಜಾಗ ಕಪ್ಪಾದರೆ ಅದು ಪದರವಿಲ್ಲದ ಅನಿಲಿನ್ ಚರ್ಮ. ಕೈಗೆ ಹಿತ, ಆದರೆ ಹಾಕಿದ್ದನ್ನೆಲ್ಲ ಕುಡಿಯುತ್ತದೆ. ಮಖಮಲ್ಲಿನ ಹಾಗೆ ರೋಮ ರೋಮ ಇದ್ದರೆ ಸ್ವೇಡ್ ಅಥವಾ ನುಬಕ್. ಸ್ವೇಡ್ ಚರ್ಮದ ಒಳಮೈ, ನುಬಕ್ ಹೊರಮೈಯನ್ನೇ ಉಜ್ಜಿ ಮಾಡಿದ್ದು. ಎರಡಕ್ಕೂ ಕ್ರೀಮ್, ಎಣ್ಣೆ ಮುಟ್ಟಿಸಬಾರದು.

ವಾಷಿಂಗ್ ಮಷೀನಿಗೆ ಹಾಕಬಹುದಾ? ಜೆಂಟಲ್ ಮೋಡ್ ಇದೆ.

ಬೇಡ. ಬಕೆಟ್ಟಿನಲ್ಲಿ ನೆನೆಸುವುದೂ ಬೇಡ.

ಸರಿ, ಸೋಪು ಹಚ್ಚಿ ಒರೆಸಬಹುದಾ?

ಬಟ್ಟೆ ಸೋಪು, ಸೋಪಿನ ಪುಡಿ, ಅಡುಗೆ ಸೋಡಾ ಮೂರೂ ದೂರ ಇರಲಿ. ಹದ ಮಾಡಿದ ಚರ್ಮ ಸ್ವಭಾವದಲ್ಲಿ ತುಸು ಹುಳಿ. ಪಿಎಚ್ ಲೆಕ್ಕದಲ್ಲಿ ಸುಮಾರು 3.5ರಿಂದ 5. ಬಾರ್ ಸೋಪು 9-10ರ ಹತ್ತಿರ, ಅಂದರೆ ಕ್ಷಾರ. ಕ್ಷಾರ ಚರ್ಮಕ್ಕೆ ಏನು ಮಾಡುತ್ತದೆ ಅಂತ ಹದ ಮಾಡುವವರಿಗೆ ಚೆನ್ನಾಗಿ ಗೊತ್ತು. ಹಸಿ ತೊಗಲಿನ ಕೂದಲು ಉದುರಿಸಲು ಅವರು ಅದನ್ನು ನೆನೆಹಾಕುವುದೇ ಸುಣ್ಣದ ನೀರಿನಲ್ಲಿ. ಆಮೇಲೆ ಆ ಸುಣ್ಣವನ್ನೆಲ್ಲ ತೆಗೆದು, ಕ್ರೋಮಿಯಂ ಉಪ್ಪಿನಲ್ಲೋ, ಹಳೆ ಕಾಲದ ಹಾಗೆ ತಂಗಡಿ ತೊಗಟೆ, ಅಳಲೆಕಾಯಿಯ ರಸದಲ್ಲೋ ಹದಕ್ಕೆ ತರುತ್ತಾರೆ. ನಾವು ಸೋಪು ತಿಕ್ಕುವುದು ಅಂದರೆ ಅವರ ಕೆಲಸವನ್ನು ಹಿಂದಕ್ಕೆ ಎಳೆದ ಹಾಗೆ.

ಅಂಟುವಾಳದ ನೀರು ಆಗಬಹುದಾ ಅಂತ ಒಬ್ಬರು ಕೇಳಿದ್ದರು. ಬುದ್ಧಿವಂತ ಪ್ರಶ್ನೆ. ಅದು ಸೋಪಿನಷ್ಟು ಕ್ಷಾರ ಅಲ್ಲ. ಆದರೆ ಅದರದ್ದೇ ಕಂದು ಬಣ್ಣ ಇದೆ, ತಿಳಿ ಬಣ್ಣದ ಚರ್ಮಕ್ಕೆ ಕೂತುಬಿಡುತ್ತದೆ. ಮಕ್ಕಳ ಶಾಂಪೂ ಸಿಗುವಾಗ ಅಷ್ಟು ಸಾಹಸ ಯಾಕೆ?

ಹಾಗಾದರೆ ಮಾಮೂಲಿ ಕೊಳೆ ತೆಗೆಯುವುದು ಹೇಗೆ?

ಮೊದಲು ಒಣ ಬಟ್ಟೆಯಲ್ಲಿ ಧೂಳು ಒರೆಸಿ. ಇದನ್ನು ಬಿಟ್ಟು ನೇರ ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ಹೊಲಿಗೆಯೊಳಗೆ ಕೂರುತ್ತದೆ. ಒಂದು ಲೋಟ ನೀರಿಗೆ ಮಕ್ಕಳ ಶಾಂಪೂ ನಾಲ್ಕೈದು ಹನಿ ಸಾಕು. ಹಳೆ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ನೀರು ಒಂದು ಹನಿಯೂ ಬೀಳದ ಹಾಗೆ ಹಿಂಡಿ. ಕಾಣದ ಜಾಗದಲ್ಲಿ ಮೊದಲು ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ತೋಳಿಗೆ ಒಂದೇ ಸಲ, ಬೆನ್ನಿಗೆ ಒಂದೇ ಸಲ ಅನ್ನುವ ಹಾಗೆ ಇಡೀ ಭಾಗ ಒರೆಸಿ. ಬರೀ ಕಲೆ ಇರುವ ಕಡೆ ಉಜ್ಜಿದರೆ ಕಲೆ ಹೋಗಿ ಮಚ್ಚೆ ಬರುತ್ತದೆ. ಕೊನೆಗೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ.

ಕಾಲರ್ ಮತ್ತು ತೋಳಿನ ತುದಿಗೆ ಜಾಸ್ತಿ ಗಮನ ಕೊಡಿ. ಬೆವರಿನ ಉಪ್ಪು, ತಲೆಗೆ ಹಚ್ಚಿದ ಎಣ್ಣೆ ಎರಡೂ ಅಲ್ಲೇ ಸೇರುವುದು. ಒಂದು ಟವೆಲ್ಲೋ ಮಫ್ಲರ್ರೋ ಕೊರಳಿಗೆ ಸುತ್ತಿಕೊಂಡು ಅದರ ಮೇಲೆ ಜರ್ಕಿನ್ ಹಾಕಿದರೆ ಅರ್ಧ ಕೆಲಸ ತಪ್ಪುತ್ತದೆ.

ಒಳಗಿನ ಲೈನಿಂಗ್ ವಾಸನೆ ಬಂದರೆ ಜರ್ಕಿನ್ ಅನ್ನು ಒಳಮುಖ ಮಾಡಿ ಅದೇ ಶಾಂಪೂ ನೀರಿನಲ್ಲಿ ಒರೆಸಿ, ಫ್ಯಾನ್ ಕೆಳಗೆ ಹಾಕಿ. ಸೆಂಟು ಹೊಡೆಯಬೇಡಿ. ಬೆವರು ಮತ್ತು ಸೆಂಟು ಸೇರಿದರೆ ಇನ್ನೂ ಕೆಟ್ಟ ವಾಸನೆ.

ಚಾರ್ಮಾಡಿಯಲ್ಲಿ ಮಳೆಗೆ ಸಿಕ್ಕಿ ಪೂರ್ತಿ ನೆನೆದಿದೆ. ಏನು ಮಾಡಲಿ?

ಈ ಪ್ರಶ್ನೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಂದಾದರೂ ಬರುತ್ತದೆ. ನಾನು ಮಾಡಿದ್ದನ್ನು ಮಾತ್ರ ಮಾಡಬೇಡಿ.

ನನ್ನದು ಕೊಟ್ಟಿಗೆಹಾರದ ಹತ್ತಿರ ನೆನೆದಿತ್ತು. ಮನೆಗೆ ಬಂದು, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಾಗೆ, ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದೆ. ಹಂಡೆ ಕಾಯುತ್ತಿತ್ತು, ಬೆಚ್ಚಗಿತ್ತು. ಬೆಳಗ್ಗೆ ನೋಡಿದರೆ ಹಪ್ಪಳ. ತೋಳು ಎರಡು ಇಂಚು ಮೇಲೆ ಸರಿದಿತ್ತು, ಮಡಿಚಿದರೆ ಕಟಕಟ ಸದ್ದು. ಹೊಗೆ ವಾಸನೆ ಬೇರೆ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಒಳಗಿನ ನಾರು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಣ ಚರ್ಮ ತಡೆಯುವ ಬಿಸಿಯನ್ನು ಒದ್ದೆ ಚರ್ಮ ತಡೆಯುವುದಿಲ್ಲ. ಕುಗ್ಗಿದ ನಾರು ಮತ್ತೆ ಮೊದಲಿನಂತೆ ಆಗುವುದೂ ಇಲ್ಲ. ಅಮ್ಮ ಅದನ್ನು ಕತ್ತರಿಸಿ ಕತ್ತಿ ಇಡುವ ಚೀಲ ಮಾಡಿದರು. ಅದು ಇನ್ನೂ ಇದೆ.

ಮಾಡಬೇಕಾದದ್ದು ಇಷ್ಟು. ಜೇಬು ಖಾಲಿ ಮಾಡಿ. ಹಿಂಡಬೇಡಿ. ದೊಡ್ಡ ಟವೆಲ್ ಒಳಗೊಂದು, ಹೊರಗೊಂದು ಇಟ್ಟು ಒತ್ತಿ ನೀರು ತೆಗೆಯಿರಿ. ಟವೆಲ್ ಬದಲಿಸಿ ಇನ್ನೊಂದು ಸಲ. ಅಗಲವಾದ ಹ್ಯಾಂಗರಿಗೆ ಹಾಕಿ, ತೋಳು ಎಳೆದು ಆಕಾರಕ್ಕೆ ತನ್ನಿ, ಜಿಪ್ ತೆರೆದಿಡಿ. ತೋಳಿನೊಳಗೆ ಹಳೆ ಪೇಪರ್ ತುರುಕಬೇಡಿ. ತಿಳಿ ಬಣ್ಣದ ಲೈನಿಂಗ್‌ಗೆ ಅಕ್ಷರದ ಮಸಿ ಹತ್ತುತ್ತದೆ. ಹಳೆ ಬನಿಯನ್ ತುರುಕಿ. ಕೋಣೆಯ ನಡುವೆ, ಫ್ಯಾನ್ ಗಾಳಿ ಸುಳಿಯುವ ಕಡೆ ತೂಗುಹಾಕಿ. ಬಿಸಿಲು ಬಂದಿತೆಂದು ಖುಷಿಯಲ್ಲಿ ಕಾಫಿ ಕಣಕ್ಕೆ ಒಯ್ದು ಹರಡಬೇಡಿ. ಮೂಡಿಗೆರೆಯ ಜುಲೈಯಲ್ಲಿ ಪೂರ್ತಿ ಒಣಗಲು ನಾಲ್ಕೈದು ದಿನವೂ ಬೇಕಾಗುತ್ತದೆ. ಬಹುಪಾಲು ಆರಿ, ಮುಟ್ಟಿದರೆ ತಣ್ಣಗೆ ಮಾತ್ರ ಅನ್ನಿಸುವಾಗ ಲೆದರ್ ಕ್ರೀಮ್ ತೆಳ್ಳಗೆ ಒಂದು ಕೈ ಹಚ್ಚಿ. ಆಮೇಲೆ ಮತ್ತೆ ಗಾಳಿಗೆ.

ಇನ್ನೊಂದು ಮಾತು. ಘಾಟಿ ಮಳೆಗೆ ಲೆದರ್ ಹಾಕಿ ಹೋಗುವುದೇ ತಪ್ಪು. ನಮ್ಮಲ್ಲಿ ಅದು ದೀಪಾವಳಿಯಿಂದ ಶಿವರಾತ್ರಿವರೆಗಿನ ಬಟ್ಟೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಡಿಸೆಂಬರ್ ಗಾಳಿ ಹೊಡೆಯುವಾಗ ಅದರ ಬೆಲೆ ಗೊತ್ತಾಗುವುದು. ಮಳೆಗೆ ಮಳೆಕೋಟು ಇದೆಯಲ್ಲ.

ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಅದೂ ಚರ್ಮವೇ. ಜರ್ಕಿನ್‌ಗೆ ಮಾತ್ರ ಯಾಕೆ ಬೇಡ?

ಹಾಸನದ ಒಬ್ಬ ಹುಡುಗ ಕೇಳಿದ್ದು. ತಮಟೆಗೆ ಹಾಕುವುದು ಜರ್ಕಿನ್ ಚರ್ಮದ ಹಾಗೆ ಹದ ಮಾಡಿ ಮೆತ್ತಗಾಗಿಸಿದ ಚರ್ಮವಲ್ಲ, ಒಣಗಿಸಿದ ತೊಗಲು. ತಂಡಿ ಹವೆಗೆ ಅದು ನೀರು ಹೀರಿ ಸಡಿಲವಾಗುತ್ತದೆ, ಸದ್ದು ಸಾಯುತ್ತದೆ. ಬೆಂಕಿಗೆ ಹಿಡಿದರೆ ತೇವ ಹೋಗಿ, ಕುಗ್ಗಿ, ಬಿಗಿಯಾಗುತ್ತದೆ. ತಮಟೆಗೆ ಬೇಕಾದದ್ದೇ ಆ ಬಿಗಿ. ನಿಮ್ಮ ಜರ್ಕಿನ್ ಬಾರಿಸಿದರೆ ಟಣ್ ಅನ್ನಬೇಕಾ?

ಬೀರು ತೆಗೆದರೆ ಬಿಳಿ, ಹಸಿರು ಬೂಷ್ಟು. ಎಸೆಯಬೇಕಾ?

ಹೆಚ್ಚಿನ ಸಲ ಬೇಡ. ಗಾಳಿಯ ತೇವ ನೂರಕ್ಕೆ 65-70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಕೊಳೆ, ಬೆವರು, ನಾವು ಪ್ರೀತಿಯಿಂದ ಬಳಿದ ಎಣ್ಣೆ ಇವೆಲ್ಲ ಅದಕ್ಕೆ ಊಟ.

ಮನೆಯೊಳಗೆ ಕೊಡವಬೇಡಿ. ಆ ಪುಡಿ ಹಾರಿ ಹಾಸಿಗೆ, ಸ್ವೆಟರ್ ಎಲ್ಲದರ ಮೇಲೂ ಕೂರುತ್ತದೆ. ಮಳೆ ಬಿಟ್ಟ ಹೊತ್ತು ನೋಡಿ ಅಂಗಳಕ್ಕೆ ಒಯ್ಯಿರಿ. ಮೂಗಿಗೆ ಮಾಸ್ಕ್ ಹಾಕಿ, ಉಬ್ಬಸ ಇರುವವರು ಈ ಕೆಲಸ ಬೇರೆಯವರಿಗೆ ಕೊಡಿ. ಮೆತ್ತನೆ ಬ್ರಷ್ಷಿನಲ್ಲಿ ಒಣದಾಗಿಯೇ ತೆಗೆಯಿರಿ, ಹೊಲಿಗೆ ಸಂದು, ಕಾಲರ್ ಅಡಿ ಬಿಡಬೇಡಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನುವ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಹಾಕಿಕೊಂಡು ಒರೆಸಿ. ಸುರಿಯಬೇಡಿ. ಮೊದಲು ಕಾಣದ ಜಾಗದಲ್ಲಿ ನೋಡಲೇಬೇಕು, ಸ್ಪಿರಿಟ್ ಕೆಲವು ಬಣ್ಣ ಎತ್ತುತ್ತದೆ. ಬಣ್ಣ ಬಂದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಪ್ರಯತ್ನಿಸಿ. ಲೈನಿಂಗ್‌ಗೂ ಇದೇ. ಎರಡು ದಿನ ಗಾಳಿಗೆ ಬಿಡಿ.

ಎಲ್ಲರೂ ಮರೆಯುವುದು ಒಂದಿದೆ. ಬೀರುವಿನ ಒಳಗೋಡೆ, ಹ್ಯಾಂಗರ್, ಪಕ್ಕದ ಬೆಲ್ಟು, ಶೂ ಎಲ್ಲವನ್ನೂ ಒರೆಸಬೇಕು. ಇಲ್ಲದಿದ್ದರೆ ಹದಿನೈದು ದಿನಕ್ಕೆ ಮತ್ತೆ ಅದೇ ಕತೆ. ಒರೆಸಿದ ಮೇಲೂ ಕಪ್ಪು ಚುಕ್ಕೆ ಉಳಿದರೆ ಅದು ಬಣ್ಣಕ್ಕೆ ಇಳಿದಿದೆ. ಅದರ ಜೊತೆ ಬದುಕುವುದು ಕಲಿಯಬೇಕು.

ಎಷ್ಟು ಒರೆಸಿದರೂ ಬಿಳಿ ಪುಡಿ ಮತ್ತೆ ಬರುತ್ತಿದೆ.

ಅದು ಬೂಷ್ಟು ಇಲ್ಲದೆಯೂ ಇರಬಹುದು. ಹೇರ್ ಡ್ರೈಯರ್ ಇದ್ದರೆ ಒಣ ಜರ್ಕಿನ್‌ಗೆ ದೂರದಿಂದ ಎರಡು ಕ್ಷಣ ಬೆಚ್ಚಗಿನ ಗಾಳಿ ಬಿಡಿ. ಬಿಳುಪು ಕರಗಿ ಮಾಯವಾದರೆ ಅದು ಚರ್ಮದೊಳಗಿನ ಕೊಬ್ಬು, ಚಳಿಗೆ ಮೇಲೆ ಬಂದು ಹೆಪ್ಪುಗಟ್ಟಿದ್ದು. ಒಣ ಬಟ್ಟೆಯಲ್ಲಿ ಉಜ್ಜಿ, ಚಿಂತೆ ಬೇಡ. ಕರಗದೆ, ಒದ್ದೆ ಬಟ್ಟೆಗೆ ಹೋಗಿ, ಒಣಗಿದ ಮೇಲೆ ಅದೇ ಜಾಗಕ್ಕೆ ಗೆರೆಯಾಗಿ ಬಂದರೆ ಅದು ಉಪ್ಪು, ಹೆಚ್ಚಾಗಿ ಬೆವರಿನದು. ಎರಡು ಮೂರು ಸಲ ಒದ್ದೆ ಬಟ್ಟೆ ಹಾಕಿದರೆ ಕಡಿಮೆಯಾಗುತ್ತದೆ. ಹತ್ತಿಯ ಎಳೆಯಂತೆ ಕಂಡು, ಮಣ್ಣು ವಾಸನೆ ಬಂದರೆ ಮಾತ್ರ ಬೂಷ್ಟು.

ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳೆಯುತ್ತೆ ಅಂತಾರೆ.

ಹೊಳೆಯುತ್ತದೆ, ಒಂದು ದಿನ. ಆಮೇಲೆ ಆ ಜಾಗ ಕಪ್ಪಾಗುತ್ತದೆ, ಧೂಳು ಅಂಟುತ್ತದೆ, ಒಳಗಿನ ಅಂಗಿಗೂ ಎಣ್ಣೆ ಹತ್ತುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ನಮ್ಮ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಲ್ಲೇ ಹೆಪ್ಪುಗಟ್ಟಿರುವುದು ಜರ್ಕಿನ್ ಮೇಲೆ ಮಾತ್ರ ಹೇಗೆ ಕರಗಿ ಕೂರುತ್ತದೆ? ಮಳೆಗಾಲಕ್ಕೆ ಅದೇ ಬೂಷ್ಟಿನ ಊಟ. ವ್ಯಾಸಲಿನ್, ಶೂ ಪಾಲಿಶ್, ಬಾಳೆಹಣ್ಣಿನ ಸಿಪ್ಪೆ ಕೂಡ ಬೇಡ. ಶೂ ಪಾಲಿಶ್ ಕಾಲಿಗೆ ಸರಿ, ಜರ್ಕಿನ್‌ಗೆ ಹಚ್ಚಿ ಬಸ್ಸಿನಲ್ಲಿ ಕೂತರೆ ಪಕ್ಕದವರ ಬಿಳಿ ಅಂಗಿ ಕಪ್ಪಾಗುತ್ತದೆ.

ಹಾಗಾದರೆ ಕ್ರೀಮ್ ಎಷ್ಟು ಸಲ?

ಇದು ತಾಲ್ಲೂಕಿನ ಮೇಲೆ ಹೋಗುತ್ತದೆ, ತಮಾಷೆ ಅಲ್ಲ. ಕಡೂರು, ಅರಸೀಕೆರೆ ಬಯಲುಸೀಮೆ. ಅಲ್ಲಿನವರು ವರ್ಷಕ್ಕೆ ಎರಡು ಮೂರು ಸಲ ಹಚ್ಚಬಹುದು, ಬೇಸಿಗೆಗೆ ಮೊದಲು ಒಂದು ಸಲವಂತೂ ಬೇಕೇ ಬೇಕು. ಬೂಷ್ಟಿನ ಉತ್ತರ ಅವರಿಗೆ ಅಷ್ಟಾಗಿ ಬೇಕಾಗುವುದಿಲ್ಲ. ಹಾಸನ, ಚಿಕ್ಕಮಗಳೂರು ಪೇಟೆಯಲ್ಲಿ ಒಂದೋ ಎರಡೋ ಸಲ. ಕೊಪ್ಪ, ಶೃಂಗೇರಿ, ಸಕಲೇಶಪುರದಲ್ಲಿ ವರ್ಷಕ್ಕೆ ಒಂದೇ ಸಲ, ಅದೂ ಮಳೆ ಪೂರ್ತಿ ಹೋದ ಮೇಲೆ. ಮೃಗಶಿರಾ ಮಳೆಗೆ ಮುಂಚೆ ಕ್ರೀಮ್ ಬಳಿದು ಬೀರುವಿಗೆ ಇಡುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಒಂದು ಜರ್ಕಿನ್‌ಗೆ ಒಂದು ಚಮಚ ಕ್ರೀಮ್ ಜಾಸ್ತಿಯೇ.

ಮಳೆಗಾಲದಲ್ಲಿ ಎಲ್ಲಿ ಇಡಬೇಕು?

ಅಟ್ಟದಲ್ಲಿ ಅಲ್ಲ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅಲ್ಲ, ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಂತೂ ಅಲ್ಲವೇ ಅಲ್ಲ. ಮಡಿಚಿಟ್ಟರೆ ಮಡಿಕೆಯಲ್ಲೇ ಬಿರುಕು ಶುರುವಾಗುತ್ತದೆ.

ತಂತಿ ಹ್ಯಾಂಗರಿಗೆ ಹಳೆ ಟವೆಲ್ ಸುತ್ತಿ ಭುಜದಷ್ಟು ದಪ್ಪ ಮಾಡಿ. ಮೇಲೆ ಹಳೆ ಹತ್ತಿ ಸೀರೆ ಹೊದಿಸಿ. ಮಳೆ ಪಡುವಣ ಗಾಳಿಯ ಜೊತೆ ಬರುವುದರಿಂದ ಮನೆಯ ಪಡುವಣ ಗೋಡೆ ಜಿನುಗುತ್ತದೆ. ಬೀರುವನ್ನು ಆ ಗೋಡೆಗೆ ಒರಗಿಸಬೇಡಿ, ಬೇರೆ ಗೋಡೆಯಾದರೂ ನಾಲ್ಕು ಬೆರಳು ಬಿಡಿ. ಒಳಗೆ ಬಟ್ಟೆ ಗಿಡಿಯಬೇಡಿ. ವಾರಕ್ಕೊಮ್ಮೆ ಜರ್ಕಿನ್ ಹೊರಗೆ ತೆಗೆದು ಅರ್ಧ ದಿನ ಫ್ಯಾನ್ ಗಾಳಿಗೆ ಬಿಡಿ. ನಿಜ ಹೇಳಬೇಕೆಂದರೆ ಆಷಾಢ, ಶ್ರಾವಣ ಎರಡು ತಿಂಗಳು ನನ್ನದು ಬೀರುವಿಗೆ ಹೋಗುವುದೇ ಇಲ್ಲ. ನಡುಮನೆಯಲ್ಲಿ ಮೊಳೆಗೆ ನೇತಾಡುತ್ತದೆ. ರಾತ್ರಿ ಕತ್ತಲಲ್ಲಿ ಯಾರೋ ನಿಂತಂತೆ ಕಂಡು ಒಂದೆರಡು ಸಲ ಅತ್ತೆ ಕಿರುಚಿದ್ದೂ ಉಂಟು.

ಸಿಲಿಕಾ ಜೆಲ್ ಪೊಟ್ಟಣ ಒಳ್ಳೆಯದು, ಆದರೆ ಶೂ ಡಬ್ಬಿಯಲ್ಲಿ ಬರುವ ಒಂದು ಚಿಟಿಕೆ ಪೊಟ್ಟಣ ಒಂದು ಬೀರುವಿಗೆ ಏನೂ ಅಲ್ಲ. ಕಾಲು ಕೆಜಿಯಾದರೂ ಬೇಕು. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಅಂತ. ಬಿಸಿ ಮಾಡಿದರೆ ಮತ್ತೆ ನೀಲಿ. ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಪಾತ್ರೆ ಬಳಸಬೇಡಿ. ನೀರು ಹೀರಿ ಡಬ್ಬಿಯಲ್ಲಿ ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳೂ ಸಿಗುತ್ತವೆ. ಕೆಲಸ ಮಾಡುತ್ತವೆ, ಆದರೆ ಆ ನೀರು ಚೆಲ್ಲಿ ಚರ್ಮಕ್ಕೆ ತಾಗಿದರೆ ಆ ಜಾಗ ಗಟ್ಟಿಯಾಗಿ ಸುಕ್ಕಾಗುತ್ತದೆ. ಜರ್ಕಿನ್ ನೇರ ಕೆಳಗೆ ಇಡಬೇಡಿ.

ಹಿಂದೆ ಬೀರುವಿನೊಳಗೆ ಹದಿನೈದು ವ್ಯಾಟಿನ ಬಲ್ಬ್ ಉರಿಸುವ ಉಪಾಯ ಇತ್ತು. ಆ ಬಲ್ಬಿನ ಬಿಸಿಯೇ ಕೆಲಸ ಮಾಡುತ್ತಿದ್ದದ್ದು. ಎಲ್‌ಇಡಿಗೆ ಆ ಬಿಸಿ ಇಲ್ಲ. ಹಳೆ ಬಲ್ಬ್ ಹುಡುಕಿ ಬಟ್ಟೆ ನಡುವೆ ಉರಿಸುವುದು ಮನೆಗೆ ಬೆಂಕಿ ಕರೆದ ಹಾಗೆ.

ನುಸಿ ಗುಳಿಗೆ? ಕಾಫಿಪುಡಿ?

ನುಸಿ ಗುಳಿಗೆ ಜರ್ಕಿನ್‌ಗೆ ತಾಗಬಾರದು, ವಾಸನೆಯೂ ಬಿಡುವುದಿಲ್ಲ. ಕಾಫಿಪುಡಿ ಕಟ್ಟಿಡುವುದು ನಮ್ಮೂರಿನ ಹೆಮ್ಮೆಯ ಸಲಹೆ. ಮಳೆಗಾಲದಲ್ಲಿ ಆ ಪುಡಿಗೇ ಬೂಷ್ಟು ಬರುತ್ತದೆ. ಸೋಸಿ ಕುಡಿಯಿರಿ.

ಕಾಫಿ ಚೆಲ್ಲಿದೆ, ಅಡಿಕೆ ಚೊಗರು ಹತ್ತಿದೆ, ಇಂಬಳ (ಜಿಗಣೆ) ಕಚ್ಚಿ ರಕ್ತ ಆಗಿದೆ…

ಕಾಫಿ ಚೆಲ್ಲಿದ ಕೂಡಲೇ ಒತ್ತಿ ತೆಗೆಯಿರಿ, ಉಜ್ಜಬೇಡಿ. ಹಾಲು ಹಾಕಿದ ಕಾಫಿಯಾದರೆ ಶಾಂಪೂ ನೀರಿನಲ್ಲಿ ಒರೆಸಲೇಬೇಕು, ಇಲ್ಲದಿದ್ದರೆ ಹಾಲು ಹಳಸಿ ನಾರುತ್ತದೆ.

ಅಡಿಕೆ ಚೊಗರು ಕಷ್ಟ. ಅಡಿಕೆ ಬೇಯಿಸಿದಾಗ ಉಳಿಯುವ ಆ ರಸ ಬಣ್ಣ ಹಾಕಲು ಬಳಸುವ ವಸ್ತು, ಕೂತರೆ ಏಳುವುದಿಲ್ಲ. ತೊಗಟೆ ಹದದ ಚರ್ಮಕ್ಕೆ ಇನ್ನೊಂದು ಅಪಾಯ ಕಬ್ಬಿಣ. ತುಕ್ಕು ಹಿಡಿದ ಮೊಳೆಗೆ ಒದ್ದೆ ಜರ್ಕಿನ್ ತೂಗುಹಾಕಿದರೆ ತೊಗಟೆಯಲ್ಲಿರುವ ಟ್ಯಾನಿನ್ ಅನ್ನುವ ಒಗರು ವಸ್ತು ಮತ್ತು ಕಬ್ಬಿಣ ಸೇರಿ ಕಪ್ಪು ಮಸಿಯಂಥ ಕಲೆ ಆಗುತ್ತದೆ.

ಇಂಬಳ ಕಚ್ಚಿದ ಗಾಯ ಬೇಗ ನಿಲ್ಲುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಬಾಯಲ್ಲೇ ಇದೆ. ಹಾಗಾಗಿ ತೋಳಿನ ತುದಿ ಪೂರ್ತಿ ಕೆಂಪು. ತಣ್ಣೀರಿನ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಿರಿ, ಬಿಸಿನೀರು ಹಾಕಿದರೆ ಕಲೆ ಕೂರುತ್ತದೆ. ಇಂಬಳ ಜರ್ಕಿನ್ ಮೇಲೆ ಇರುವಾಗಲೇ ಉಪ್ಪು ಸುರಿಯಬೇಡಿ, ಬೆರಳಲ್ಲಿ ಚಿಮ್ಮಿ ಸಾಕು.

ಬೈಕಿನ ಆಯಿಲ್, ಗ್ರೀಸ್‌ಗೆ ಟಾಲ್ಕಂ ಪೌಡರ್ ದಪ್ಪಗೆ ಹಾಕಿ ರಾತ್ರಿ ಬಿಟ್ಟು ಬೆಳಗ್ಗೆ ಬ್ರಷ್ ಮಾಡಿ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಕಲೆಯ ಜೊತೆ ಬಣ್ಣವನ್ನೂ ಒಯ್ಯುತ್ತವೆ. ಪೆನ್ನಿನ ಶಾಯಿಗೂ ಅದೇ ಗತಿ, ಉಗುರುಬಣ್ಣ ತೆಗೆಯುವ ದ್ರವ ಹಾಕಿ ನೋಡಿದವರೆಲ್ಲ ಪಶ್ಚಾತ್ತಾಪ ಪಟ್ಟಿದ್ದಾರೆ.

ಸ್ವೇಡ್‌ಗೆ?

ಒಣ ಬ್ರಷ್ ಮತ್ತು ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್. ರೋಮ ಇರುವ ಕಡೆಗೇ ಬ್ರಷ್ ಮಾಡಿ. ಮಲೆನಾಡಿನಲ್ಲಿ ಸ್ವೇಡ್ ಕೊಳ್ಳುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅಜ್ಜಿ ದೇವರ ಕೋಣೆ ಪಕ್ಕದ ಬೀರುವಿನಲ್ಲಿ ಚರ್ಮ ಇಡಬೇಡ ಅಂತಾರೆ.

ಬೇರೆ ಕಡೆ ಇಡಿ. ದೀಪದ ಎಣ್ಣೆ ಹೊಗೆಯೂ ಜರ್ಕಿನ್‌ಗೆ ಒಳ್ಳೆಯದಲ್ಲ, ಅಜ್ಜಿಯ ಬೈಗುಳವೂ ತಪ್ಪುತ್ತದೆ.

ಸುಕ್ಕಾಗಿದೆ. ಇಸ್ತ್ರಿ ಹಾಕಬಹುದಾ?

ಮೊದಲು ನಾಲ್ಕು ದಿನ ಹ್ಯಾಂಗರಿನಲ್ಲಿ ಬಿಡಿ. ಅರ್ಧ ಸುಕ್ಕು ತಾನೇ ಹೋಗುತ್ತದೆ. ಉಳಿದದ್ದಕ್ಕೆ ಮೇಲೆ ಹತ್ತಿ ಬಟ್ಟೆ ಹಾಸಿ, ಎಲ್ಲಕ್ಕಿಂತ ಕಡಿಮೆ ಬಿಸಿಯಲ್ಲಿ, ಹಬೆ ಇಲ್ಲದೆ, ಒಂದೇ ಕಡೆ ನಿಲ್ಲಿಸದೆ ಎಳೆಯಿರಿ.

ಬೇಲಿಗೆ ಸಿಕ್ಕಿ ಹರಿದಿದೆ. ಫೆವಿಕ್ವಿಕ್ ಹಾಕಲಾ?

ಬೇಡ. ಅದು ಗಾಜಿನಂತೆ ಗಟ್ಟಿಯಾಗಿ, ಪಕ್ಕದಲ್ಲೇ ಇನ್ನೊಂದು ಸೀಳು ತರುತ್ತದೆ. ಚಪ್ಪಲಿ, ಬ್ಯಾಗ್ ಹೊಲಿಯುವವರ ಹತ್ತಿರ ಹೋಗಿ. ಒಳಗಿನಿಂದ ತೆಳು ಚರ್ಮದ ತೇಪೆ ಅಂಟಿಸಿ ಕೊಡುತ್ತಾರೆ. ಹೊಲಿಗೆ ಹಾಕುವುದಾದರೆ ಒಂದೇ ಸಲ ಸರಿಯಾಗಿ ಹಾಕಬೇಕು, ಚರ್ಮಕ್ಕೆ ಬಿದ್ದ ಸೂಜಿ ತೂತು ಬಟ್ಟೆಯ ಹಾಗೆ ಮುಚ್ಚುವುದಿಲ್ಲ. ಜಿಪ್ ಬಿಗಿಯಾಗಿದ್ದರೆ ಮೇಣದಬತ್ತಿ ತುಂಡು ಉಜ್ಜಿ. ರನ್ನರ್ ಸವೆದಿದ್ದರೆ ಅದೊಂದನ್ನೇ ಬದಲಿಸಬಹುದು, ಇಡೀ ಜಿಪ್ ಬೇಕಾಗಿಲ್ಲ.

ಅಜ್ಜನ ಕಾಲದ ಜರ್ಕಿನ್ ಸಿಕ್ಕಿದೆ. ಉಳಿಯುತ್ತಾ?

ಬೆರಳು ಉಜ್ಜಿ ನೋಡಿ. ಕೆಂಪು ಪುಡಿ ಹತ್ತಿದರೆ ಚರ್ಮದ ನಾರೇ ಕೊಳೆತಿದೆ, ಅದಕ್ಕೆ ಮದ್ದಿಲ್ಲ. ಬರೀ ಗಟ್ಟಿಯಾಗಿದ್ದು ಪುಡಿ ಇಲ್ಲದಿದ್ದರೆ ಆಸೆ ಇಟ್ಟುಕೊಳ್ಳಿ. ತೆಳ್ಳಗೆ ಕ್ರೀಮ್ ಹಚ್ಚಿ, ವಾರ ಬಿಟ್ಟು ಮತ್ತೊಂದು ಸಲ. ನಡುವೆ ಬಲವಂತವಾಗಿ ಮಡಿಚಬೇಡಿ.

ಡ್ರೈ ಕ್ಲೀನಿಂಗ್‌ಗೆ ಕೊಡುವುದೇ ಸುಲಭ ಅಲ್ವಾ?

ಸುಲಭ. ಆದರೆ ಕೋಟು, ರೇಷ್ಮೆ ಸೀರೆಗೆ ಬಳಸುವ ದ್ರಾವಣ ಚರ್ಮದ ಒಳಗಿನ ಕೊಬ್ಬನ್ನೂ ಕರಗಿಸಿ ಒಯ್ಯುತ್ತದೆ. ಆಮೇಲೆ ಅದನ್ನು ತುಂಬಿಕೊಡುವುದು ಬೇರೆಯೇ ಕೆಲಸ. ನನ್ನ ತಂಗಿಯ ಸ್ವೇಡ್ ಜರ್ಕಿನ್ ಒಂದು ಅಂಗಡಿಯಿಂದ ರಟ್ಟಾಗಿ ವಾಪಸ್ ಬಂತು. ಕೊಡುವ ಮೊದಲು ಲೆದರ್‌ಗೆ ಏನು ಮಾಡುತ್ತೀರಿ, ತೊಳೆದ ಮೇಲೆ ಎಣ್ಣೆ ತುಂಬುತ್ತೀರಾ ಅಂತ ಕೇಳಿ. "ಎಲ್ಲ ಒಟ್ಟಿಗೇ ಹಾಕ್ತೀವಿ ಸಾರ್, ನಾಳೆ ಸಂಜೆ ಬನ್ನಿ" ಅಂದರೆ ಜರ್ಕಿನ್ ಎತ್ತಿಕೊಂಡು ಮನೆಗೆ ಬನ್ನಿ.